ಎಲ್ಲರೂ ಒಂದೇ ಎಂದಮೇಲೆ ಈ ವ್ಯತ್ಯಾಸವೇಕೆ?

ಪ್ರಶ್ನೆ: ದೇವರೊಬ್ಬ, ಮನುಷ್ಯರೆಲ್ಲ ಒಂದೇ ಅಂತ ಚಿಕ್ಕಂದಿನಿಂದ ಕೇಳಿಕೊಂಡು ಬಂದಿದ್ದೇನೆ. ಆದರೆ ಐದು ಜನ ಇರುವ ನಮ್ಮ ಮನೆಯಲ್ಲೇ ಒಬ್ಬರ ಹಾಗೆ ಇನ್ನೊಬ್ಬರಿಲ್ಲ. ಸೊಸೆ ಬೇರೆ ಸಂಪ್ರದಾಯದಿಂದ ಬಂದವಳು. ಅವಳ ಪೂಜೆ, ಉಪವಾಸ, ಹಬ್ಬದ ಅಡುಗೆ ಎಲ್ಲವೂ ಬೇರೆ. ಮಗ ಗುಡಿಯ ಕಡೆ ತಲೆಯೇ ಹಾಕುವುದಿಲ್ಲ. ಪ್ರವಚನಕ್ಕೆ ಹೋದರೆ ‘ಭೇದ ಕಾಣುವುದೇ ಅಜ್ಞಾನ’ ಅನ್ನುತ್ತಾರೆ. ಮನೆಗೆ ಬಂದರೆ ಕಣ್ಣಿಗೆ ಬೀಳುವುದೆಲ್ಲ ಭೇದವೇ. ಕಂಡರೂ ಕಾಣದ ಹಾಗೆ ಇರಬೇಕೇ? ಅಧ್ಯಾತ್ಮ ಇದಕ್ಕೆ ಏನು ಹೇಳುತ್ತದೆ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಕಾಣದ ಹಾಗೆ ಇರಬೇಕಾಗಿಲ್ಲ. ನೀವು ಪ್ರವಚನದಲ್ಲಿ ಕೇಳಿದ್ದು ನಮ್ಮ ಹಲವು ದರ್ಶನಗಳಲ್ಲಿ ಒಂದರ ಮಾತು, ಅದೂ ಅರ್ಧಕ್ಕೆ ನಿಂತ ಮಾತು. ಮನುಷ್ಯರ ನಡುವಿನ ವ್ಯತ್ಯಾಸವನ್ನು ಏನು ಮಾಡಬೇಕು ಎಂಬ ಪ್ರಶ್ನೆಗೆ ಈ ನೆಲದಲ್ಲಿ ಒಂದೇ ಉತ್ತರ ಎಂದೂ ಇರಲಿಲ್ಲ. ಉತ್ತರ ಕೊಟ್ಟವರು ತಮ್ಮತಮ್ಮಲ್ಲೇ ವಾದಕ್ಕೆ ನಿಂತಿದ್ದಾರೆ, ಒಬ್ಬರ ಮತವನ್ನು ಇನ್ನೊಬ್ಬರು ಖಂಡಿಸಿ ಗ್ರಂಥಗಳನ್ನೇ ಬರೆದಿದ್ದಾರೆ. ಮೊದಲು ಆ ವಾದಗಳನ್ನು ಸ್ವಲ್ಪ ನೋಡೋಣ. ನಿಮ್ಮ ಮನೆಯ ಮಾತಿಗೆ ಆಮೇಲೆ ಬರುತ್ತೇನೆ.

‘ಭೇದ ಕಾಣುವುದೇ ಅಜ್ಞಾನ’ ಎಂಬುದು ಅದ್ವೈತದ ಧಾಟಿ. ಶಂಕರಾಚಾರ್ಯರು ಪರಮಾರ್ಥ, ವ್ಯವಹಾರ ಎಂದು ಎರಡು ನೆಲೆಗಳನ್ನು ಹೇಳಿದರು. ಪರಮಾರ್ಥದಲ್ಲಿ ಇರುವುದು ಬ್ರಹ್ಮವೊಂದೇ. ವ್ಯವಹಾರದಲ್ಲಿ ಗುರು ಗುರುವೇ, ಶಿಷ್ಯ ಶಿಷ್ಯನೇ, ಹಸಿದವನ ಹಸಿವು ಹಸಿವೇ. ಜ್ಞಾನ ಉಂಟಾಗುವವರೆಗೂ ವ್ಯವಹಾರದ ಲೋಕವನ್ನು ತಳ್ಳಿಹಾಕುವಂತಿಲ್ಲ ಎಂಬುದನ್ನು ಅದ್ವೈತಿಗಳೇ ಒಪ್ಪುತ್ತಾರೆ. ಪ್ರವಚನದಲ್ಲಿ ನಮ್ಮ ಕಿವಿಗೆ ಬೀಳುವುದು ಮೊದಲ ಅರ್ಧ ಮಾತ್ರ. ಅದಕ್ಕೊಂದು ಅಪಾಯವೂ ಇದೆ. ಆತ್ಮದಲ್ಲಿ ಎಲ್ಲರೂ ಒಂದೇ ಎಂದು ಹೇಳಿ ಕೈತೊಳೆದುಕೊಂಡವನಿಗೆ, ಊಟದ ಪಂಕ್ತಿಯಲ್ಲಿ ಯಾರನ್ನು ಎಲ್ಲಿ ಕೂರಿಸಿದ್ದೇವೆ ಎಂದು ನೋಡುವ ಅಗತ್ಯವೇ ಬೀಳುವುದಿಲ್ಲ. ಕಾಶಿಯ ದಾರಿಯಲ್ಲಿ ಶಂಕರರಿಗೆ ಚಂಡಾಲನೊಬ್ಬ ಎದುರಾದ ಕಥೆಯನ್ನು ನೀವು ಕೇಳಿರಬಹುದು. ದಾರಿ ಬಿಡು ಎಂದಾಗ ಅವನು, ಸರಿಯಬೇಕಾದ್ದು ದೇಹವೋ ಆತ್ಮವೋ ಎಂದು ಮರುಪ್ರಶ್ನೆ ಹಾಕಿದ. ‘ಮನೀಷಾ ಪಂಚಕ’ ಹುಟ್ಟಿದ್ದು ಆ ಪ್ರಶ್ನೆಯಿಂದ ಎಂದು ಸಂಪ್ರದಾಯ ನಂಬುತ್ತದೆ. ಒಂದೇ ಎಂಬ ಸಿದ್ಧಾಂತವನ್ನು ಬೀದಿಗಿಳಿಸಿ ಪರೀಕ್ಷೆಗೆ ಒಡ್ಡಿದ ಕಥೆ ಅದು.

ರಾಮಾನುಜರಿಗೆ ಈ ಉತ್ತರ ಸಾಲಲಿಲ್ಲ. ಜೀವರೂ ಜಗತ್ತೂ ಭಗವಂತನ ಶರೀರ ಎಂದರು ಅವರು. ಹಾಗೆಂದ ಮೇಲೆ ಈ ಬಗೆಬಗೆಯ ಜೀವರು ಕಳಚಿ ಬೀಳಬೇಕಾದ ಭ್ರಮೆಯಾಗಿ ಉಳಿಯುವುದಿಲ್ಲ. ಅವರು ಅವನಿಗೆ ಸೇರಿದವರು, ಅವನನ್ನು ಬಿಟ್ಟು ಇರಲಾರದವರು. ಉಡುಪಿಯ ಮಧ್ವಾಚಾರ್ಯರು ಹದಿಮೂರನೆಯ ಶತಮಾನದಲ್ಲಿ ಇನ್ನೂ ಮುಂದೆ ಹೋದರು. ಜೀವನಿಗೂ ಈಶ್ವರನಿಗೂ, ಜೀವಜೀವರಿಗೂ, ಜೀವಕ್ಕೂ ಜಡಕ್ಕೂ, ಜಡಜಡಗಳಿಗೂ, ಜಡಕ್ಕೂ ಈಶ್ವರನಿಗೂ ನಡುವೆ ಇರುವ ಐದು ಭೇದಗಳು ನಿತ್ಯ, ಸತ್ಯ ಎಂದರು. ಮೋಕ್ಷದಲ್ಲೂ ಅವು ಅಳಿಯುವುದಿಲ್ಲ. ಒಬ್ಬ ಜೀವನಂತೆ ಇನ್ನೊಬ್ಬನಿಲ್ಲ. ಒಬ್ಬನ ಆನಂದವನ್ನು ಇನ್ನೊಬ್ಬ ಅನುಭವಿಸಲಾರ. ನಿಮ್ಮ ಮನೆಯಲ್ಲಿ ಒಬ್ಬರ ಹಾಗೆ ಇನ್ನೊಬ್ಬರಿಲ್ಲ ಎಂದು ಬರೆದಿದ್ದೀರಲ್ಲ, ಮಧ್ವರ ಕಣ್ಣಿನಲ್ಲಿ ಅದು ಅಜ್ಞಾನವಲ್ಲ, ಇದ್ದದ್ದನ್ನು ಇದ್ದಹಾಗೆ ಕಂಡ ಜ್ಞಾನ. ಆದರೆ ಮಧ್ವರು ಭೇದದ ಜೊತೆಗೆ ತಾರತಮ್ಯವನ್ನೂ, ಅಂದರೆ ಜೀವರಲ್ಲಿ ಮೇಲುಕೆಳಗಿನ ಮೆಟ್ಟಿಲುಗಳನ್ನೂ ಹೇಳಿದರು. ಇಂದಿನ ಓದುಗ ಅಲ್ಲಿ ನಿಂತು ಯೋಚಿಸಬೇಕಾಗುತ್ತದೆ: ಬೇರೆಯಾಗಿರುವುದನ್ನು ಒಪ್ಪಲು ಮೇಲುಕೀಳನ್ನೂ ಒಪ್ಪಲೇಬೇಕೇ?

ಜೈನರು ಇದೇ ಪ್ರಶ್ನೆಯನ್ನು ಇನ್ನೊಂದು ದಿಕ್ಕಿನಿಂದ ಹಿಡಿದರು. ವಸ್ತುವಿಗೆ ಅನಂತ ಧರ್ಮಗಳಿವೆ, ಒಂದು ದೃಷ್ಟಿಗೆ ಅವೆಲ್ಲ ಒಟ್ಟಿಗೆ ದಕ್ಕುವುದಿಲ್ಲ ಎಂಬುದು ಅವರ ಅನೇಕಾಂತವಾದ. ಹಾಗಾಗಿ ಯಾವ ಮಾತನ್ನೂ ಅವರು ‘ಸ್ಯಾತ್’ ಎಂಬ ಎಚ್ಚರಿಕೆಯೊಡನೆ ಆಡುತ್ತಾರೆ: ಒಂದು ನೆಲೆಯಿಂದ ನೋಡಿದರೆ ಹೀಗೆ. ನನ್ನ ಮಾತು ಸುಳ್ಳು ಎಂದು ಇದರ ಅರ್ಥವಲ್ಲ. ನಾನು ನಿಂತ ಜಾಗಕ್ಕೆ ಅದು ನಿಜ. ಇನ್ನೊಬ್ಬ ನಿಂತ ಜಾಗ ಬೇರೆ.

ನಾಲ್ಕೂ ಉತ್ತರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ನಿತ್ಯದ ಬದುಕಿನಲ್ಲಿ ಭೇದವೇ ಇಲ್ಲ ಎಂದವರು ಒಬ್ಬರೂ ಇಲ್ಲ. ಭೇದದ ಬೇರು ಎಷ್ಟು ಆಳಕ್ಕಿದೆ ಎಂಬುದಷ್ಟೇ ಅವರ ಜಗಳ. ಆ ಜಗಳ ತೀರುವವರೆಗೆ ನೀವು ಕಾಯಬೇಕಾಗಿಲ್ಲ. ಭೇದ ಕಂಡ ಮೇಲೆ ನಾವು ಹೇಗೆ ನಡೆದುಕೊಳ್ಳುತ್ತೇವೆ ಎಂಬಲ್ಲಿ ಅಧ್ಯಾತ್ಮದ ಕೆಲಸ ಶುರುವಾಗುತ್ತದೆ.

ಹನ್ನೆರಡನೆಯ ಶತಮಾನದ ಕಲ್ಯಾಣದ ಶರಣರು ಈ ನಡೆಯನ್ನು ಮಾಡಿ ತೋರಿಸಿದರು. ಜಾತಿಯ ಮೇಲುಕೀಳನ್ನು ಅವರು ಬುಡಸಹಿತ ಅಲ್ಲಗಳೆದದ್ದು ನಮಗೆಲ್ಲ ಗೊತ್ತು. ಅಷ್ಟಾಗಿ ಗಮನಕ್ಕೆ ಬಾರದ ಇನ್ನೊಂದು ಸಂಗತಿ ಇದೆ. ಸಮಾನತೆಗಾಗಿ ಅವರು ಯಾರನ್ನೂ ಒಂದೇ ಅಚ್ಚಿಗೆ ಹೊಯ್ಯಲಿಲ್ಲ. ಮಡಿವಾಳ ಮಾಚಯ್ಯ ಮಡಿವಾಳನಾಗಿಯೇ ಉಳಿದ, ಅಂಬಿಗರ ಚೌಡಯ್ಯ ಅಂಬಿಗನಾಗಿಯೇ, ನುಲಿಯ ಚಂದಯ್ಯ ಹಗ್ಗ ಹೊಸೆಯುತ್ತಲೇ. ನಾಚಿಕೆಪಡಬೇಕಾದ್ದು ಎಂದು ಲೋಕ ಎಣಿಸಿದ್ದ ಕಸುಬು ಅವರ ಹೆಸರಿಗೇ ಅಂಟಿಕೊಂಡು ಗೌರವದ ಗುರುತಾಯಿತು. ವಚನಗಳ ಅಂಕಿತಗಳನ್ನೇ ನೋಡಿ. ಬಸವಣ್ಣನವರಿಗೆ ಕೂಡಲಸಂಗಮದೇವ, ಅಲ್ಲಮನಿಗೆ ಗುಹೇಶ್ವರ, ಅಕ್ಕನಿಗೆ ಚೆನ್ನಮಲ್ಲಿಕಾರ್ಜುನ, ಮಾಚಯ್ಯನಿಗೆ ಕಲಿದೇವರದೇವ. ಚೌಡಯ್ಯನಂತೂ ತನ್ನ ಹೆಸರನ್ನೇ ಅಂಕಿತ ಮಾಡಿಕೊಂಡ. ಎಲ್ಲರೂ ಶಿವಭಕ್ತರೇ, ಆದರೂ ಎಲ್ಲರೂ ಒಂದೇ ಅಂಕಿತದಲ್ಲಿ ಬರೆಯಬೇಕು ಎಂಬ ಕಟ್ಟಳೆ ಹುಟ್ಟಲಿಲ್ಲ. ಒಬ್ಬರನ್ನೊಬ್ಬರು ಪ್ರಶ್ನಿಸುವುದನ್ನೂ ಬಿಡಲಿಲ್ಲ. ಮುಂದೆ ಹದಿನೈದನೆಯ ಶತಮಾನದಲ್ಲಿ ರೂಪುಗೊಂಡ ‘ಶೂನ್ಯಸಂಪಾದನೆ’ಯಲ್ಲಿ ಅಲ್ಲಮ ಅಕ್ಕನನ್ನು ಒರೆಗೆ ಹಚ್ಚುತ್ತಾನೆ, ಕೆರೆ ಗುಡಿ ಕಟ್ಟಿಸುವುದರಲ್ಲಿ ಮುಳುಗಿದ್ದ ಸಿದ್ಧರಾಮನ ಜೊತೆ ವಾಗ್ವಾದಕ್ಕೆ ನಿಲ್ಲುತ್ತಾನೆ. ಒಪ್ಪಿಕೊಳ್ಳುವುದು ಎಂದರೆ ಪ್ರಶ್ನೆ ಕೇಳದೆ ಸುಮ್ಮನಿರುವುದು ಎಂದು ಶರಣರು ಎಣಿಸಿರಲಿಲ್ಲ. ಎದುರಿಗೆ ಕೂತು ವಾದಿಸುವಷ್ಟು ಸಮಾನ ಎಂದು ಎಣಿಸಿದ್ದರು. ಮಧ್ವರ ಮುಂದೆ ನಾವು ಇಟ್ಟ ಪ್ರಶ್ನೆಗೆ ಕಲ್ಯಾಣದಲ್ಲಿ ಆಗಲೇ ಉತ್ತರ ಸಿದ್ಧವಾಗಿತ್ತು: ಬೇರೆಯಾಗಿರಬಹುದು, ಕೀಳಾಗಬೇಕಿಲ್ಲ.

ದೇಹದ ಭಿನ್ನತೆಗೆ ಗದಗಿನ ವೀರೇಶ್ವರ ಪುಣ್ಯಾಶ್ರಮ ಕೊಟ್ಟ ಉತ್ತರವೂ ಇದೇ ದಾರಿಯದು. ಹುಟ್ಟಿನಿಂದ ಕಣ್ಣಿಲ್ಲದ ಬಾಲಕನೊಬ್ಬನ ಕಂಠವನ್ನು ಹಾನಗಲ್ಲ ಕುಮಾರಸ್ವಾಮಿಗಳು ಗುರುತಿಸಿ ಸಂಗೀತ ಕಲಿಸುವ ಏರ್ಪಾಡು ಮಾಡಿದರು. ಆ ಬಾಲಕನೇ ಮುಂದೆ ಕರ್ನಾಟಕ, ಹಿಂದೂಸ್ತಾನಿ ಎರಡೂ ಪದ್ಧತಿಗಳನ್ನು ಕರಗತ ಮಾಡಿಕೊಂಡ ಪಂಚಾಕ್ಷರಿ ಗವಾಯಿಗಳು (1892–1944). ಅವರ ಬಳಿ ಬೆಳೆದ, ಚಿಕ್ಕಂದಿನಲ್ಲೇ ದೃಷ್ಟಿ ಕಳೆದುಕೊಂಡಿದ್ದ ಪುಟ್ಟರಾಜ ಗವಾಯಿಗಳು (1914–2010) ಆಶ್ರಮವನ್ನು ದಶಕಗಳ ಕಾಲ ನಡೆಸಿದರು. ಕನ್ನಡ, ಹಿಂದಿ, ಸಂಸ್ಕೃತಗಳಲ್ಲಿ ಬರೆದರು, ನಾಟಕ ಕಂಪನಿ ಕಟ್ಟಿ ಊರೂರು ತಿರುಗಿಸಿ ಮಕ್ಕಳ ಅನ್ನಕ್ಕೆ ದಾರಿ ಮಾಡಿದರು. ಯಾವ ಜಾತಿ ಎಂದು ಕೇಳದೆ ಅಂಧ ಮಕ್ಕಳನ್ನು ಸೇರಿಸಿಕೊಂಡ ಆ ಆಶ್ರಮ, ಕಣ್ಣಿಲ್ಲದ ಮಗುವನ್ನು ಕಣ್ಣಿದ್ದವರ ಸರಿಗಟ್ಟಿಸಲು ಹೆಣಗಲಿಲ್ಲ. ಕಿವಿಯನ್ನೂ ನೆನಪನ್ನೂ ನಂಬಿ ಪಾಠ ಕಟ್ಟಿತು. ಅಯ್ಯೋ ಪಾಪ ಎಂದು ಬಾಯಲ್ಲಿ ಹೇಳಿ ಮುಂದೆ ನಡೆಯುವುದಕ್ಕೂ ಇದಕ್ಕೂ ಎಷ್ಟು ದೂರ ನೋಡಿ. ಇಲ್ಲಿ ವ್ಯತ್ಯಾಸಕ್ಕೆ ತಕ್ಕ ಹಾಗೆ ಕಲಿಸುವವರೇ ತಮ್ಮ ರೀತಿಯನ್ನು ಬದಲಿಸಿಕೊಂಡರು.

ಕಸುಬಿನ ವ್ಯತ್ಯಾಸ, ದೇಹದ ವ್ಯತ್ಯಾಸ ಇವುಗಳನ್ನು ಮನಸ್ಸು ಮಾಡಿದರೆ ಒಪ್ಪಬಹುದು. ಇನ್ನೊಬ್ಬನ ನಂಬಿಕೆಯೇ ತಪ್ಪು ಎಂದು ನನಗೆ ಖಚಿತವಾಗಿ ಅನ್ನಿಸಿದಾಗ ಕಷ್ಟ ಶುರು. ‘ನಾವಿಬ್ಬರೂ ಹೇಳುತ್ತಿರುವುದು ಒಂದೇ’ ಎಂಬ ಸಮಾಧಾನ ಅಲ್ಲಿ ಕೆಲಸಕ್ಕೆ ಬರುವುದಿಲ್ಲ, ಏಕೆಂದರೆ ಇಬ್ಬರೂ ಹೇಳುತ್ತಿರುವುದು ಒಂದೇ ಆಗಿರುವುದಿಲ್ಲ. ಅಂಥ ಬಿಕ್ಕಟ್ಟನ್ನು ಬಿಡಿಸಿದ ಒಂದು ದಾಖಲೆ ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿದೆ. ವಿಜಯನಗರದ ಒಂದನೆಯ ಬುಕ್ಕರಾಯನ ಕಾಲದ, 1368ರ ಶಾಸನ ಅದು. ಶಾಲೆಯ ಪಾಠಗಳಲ್ಲಿ ಅದನ್ನು ‘ಮತಸಾಮರಸ್ಯದ ಶಾಸನ’ ಎಂದು ಒಂದು ಸಾಲಿನಲ್ಲಿ ಹೇಳಿ ಮುಗಿಸುತ್ತಾರೆ. ಒಳಗಿನ ಸಂಗತಿ ಅದಕ್ಕಿಂತ ಒರಟು, ಅದಕ್ಕಿಂತ ಉಪಯುಕ್ತ.

ಜೈನರಿಗೂ ಶ್ರೀವೈಷ್ಣವರಿಗೂ ಜಗಳ ಎದ್ದಿತ್ತು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹದ ಪಟ್ಟಣ ಸೇರಿದಂತೆ ನಾಡುನಾಡುಗಳ ಜೈನರು ಬುಕ್ಕರಾಯನ ಬಳಿಗೆ ಬಂದು, ವೈಷ್ಣವ ಭಕ್ತರಿಂದ ತಮಗೆ ಅನ್ಯಾಯವಾಗುತ್ತಿದೆ ಎಂದು ಬಿನ್ನಹ ಮಾಡಿಕೊಂಡರು. ಪಂಚಮಹಾವಾದ್ಯಗಳು ಮತ್ತು ಕಲಶ ಜೈನರಿಗೆ ಸಲ್ಲಬೇಕೇ ಬೇಡವೇ ಎಂಬುದು ತಕರಾರು. ಇಂದಿಗೂ ಊರಿನಲ್ಲಿ ಯಾರ ಮೆರವಣಿಗೆ ಯಾವ ಬೀದಿಯಲ್ಲಿ, ಯಾವ ವಾದ್ಯದೊಡನೆ ಹೋಗಬೇಕು ಎಂಬುದಕ್ಕೆ ಜಗಳ ಆಗುವುದನ್ನು ಬಲ್ಲವರಿಗೆ ಇದು ಅರ್ಥವಾಗುತ್ತದೆ. ತತ್ತ್ವದ ಜಗಳ ಎಂದು ನಾವು ಕರೆಯುವುದು ಬಹಳ ಸಲ ಬೀದಿಯ ಹಕ್ಕಿನ ಜಗಳವೇ ಆಗಿರುತ್ತದೆ.

ರಾಜ ಜೈನರಿಗೆ ತಾಳ್ಮೆಯ ಉಪದೇಶ ಮಾಡಲಿಲ್ಲ. ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಗಳ ಆಚಾರ್ಯರನ್ನೂ ಹದಿನೆಂಟು ನಾಡಿನ ಶ್ರೀವೈಷ್ಣವರನ್ನೂ ಸೇರಿಸಿದ. ಸೇರಿದವರ ಪಟ್ಟಿಯಲ್ಲಿ, ಅಸ್ಪೃಶ್ಯರೆಂದು ಲೋಕ ಎಣಿಸಿದ್ದ ತಿರುಕುಲದವರೂ ಜಾಂಬವಕುಲದವರೂ ಇದ್ದಾರೆ. ಅಂದರೆ ಒಪ್ಪಂದಕ್ಕೆ ಮಠದ ದೊಡ್ಡವರ ಮಾತಷ್ಟೇ ಸಾಕಾಗಲಿಲ್ಲ. ಬೀದಿಯಲ್ಲಿ ಮುಖಾಮುಖಿಯಾಗುವವರೂ ಬರಬೇಕಾಯಿತು. ಅವರೆಲ್ಲರ ಎದುರು ರಾಜ ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿ ಇಟ್ಟ. ಎರಡು ದರ್ಶನಗಳಲ್ಲಿ ಭೇದವಿಲ್ಲ, ವಾದ್ಯವೂ ಕಲಶವೂ ಜೈನರಿಗೆ ಹಿಂದಿನಂತೆಯೇ ಸಲ್ಲತಕ್ಕದ್ದು ಎಂದ. ಭಕ್ತರಿಂದ ಜೈನರಿಗೆ ಹಾನಿಯಾದರೆ ವೈಷ್ಣವರು ಅದನ್ನು ತಮ್ಮದೇ ಹಾನಿ ಎಂದು ತಿಳಿಯಬೇಕು ಎಂದೂ ಗೊತ್ತುಮಾಡಿದ.

ಇಲ್ಲಿಗೇ ಮುಗಿದಿದ್ದರೆ ಇದೂ ಒಂದು ಒಳ್ಳೆಯ ಮಾತಾಗಿ ಉಳಿಯುತ್ತಿತ್ತು. ಶಾಸನ ಮುಂದೆ ದುಡ್ಡುಕಾಸಿನ ಲೆಕ್ಕಕ್ಕೆ ಇಳಿಯುತ್ತದೆ. ರಾಜ್ಯದ ಜೈನರು ಮನೆಗೆ ವರ್ಷಕ್ಕೆ ಒಂದು ಹಣದಂತೆ ಕೊಡಬೇಕು. ಅದನ್ನು ಎತ್ತುವವನು ವೈಷ್ಣವನಾದ ತಿರುಮಲೆಯ ತಾತಯ್ಯ. ಆ ಹಣದಲ್ಲಿ ಬೆಳಗೊಳದ ದೇವರ ಅಂಗರಕ್ಷೆಗೆ ವೈಷ್ಣವರು ಇಪ್ಪತ್ತು ಜನರನ್ನು ನೇಮಿಸಬೇಕು. ಉಳಿದದ್ದರಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಹೊಡೆಸಬೇಕು. ಹಣ ಜೈನರದು, ಕಾವಲಿನ ಹೊಣೆ ವೈಷ್ಣವರದು, ಲೆಕ್ಕ ತಾತಯ್ಯನದು. ಯಾವ ಮತವನ್ನು ತಾನು ನಂಬುವುದಿಲ್ಲವೋ ಆ ಮತದ ಗುಡಿಯ ಗೋಡೆ ಬೆಳ್ಳಗಿದೆಯೇ ಎಂದು ವರ್ಷವರ್ಷವೂ ವಿಚಾರಿಸುವ ಕೆಲಸ ಅವನ ಹೆಗಲಿಗೆ ಬಿತ್ತು.

ಇದಕ್ಕಿಂತ ಹೆಚ್ಚು ನನ್ನನ್ನು ಹಿಡಿದು ನಿಲ್ಲಿಸುವುದು ಶಾಸನದ ಆರಂಭ. ಅದು ತೊಡಗುವುದು ರಾಮಾನುಜರ ಸ್ತುತಿಯಿಂದ. ಸ್ತುತಿ ಮೆತ್ತನೆಯದಲ್ಲ; ಪಾಷಂಡ ಮತಗಳನ್ನು ಸುಡುವ ಬೆಂಕಿ ಎಂದು ಅವರನ್ನು ಕೊಂಡಾಡುತ್ತದೆ. ಶ್ರೀವೈಷ್ಣವರ ಬಾಯಲ್ಲಿ ಆ ಪಾಷಂಡರ ಸಾಲಿಗೆ ಜೈನರೂ ಸೇರುತ್ತಿದ್ದರು. ಅಂಥ ಶ್ಲೋಕದ ಕೆಳಗೇ, ಅದೇ ಕಲ್ಲಿನಲ್ಲಿ, ಸೂರ್ಯಚಂದ್ರರು ಇರುವವರೆಗೆ ಜೈನ ದರ್ಶನವನ್ನು ಕಾಯುತ್ತೇವೆ ಎಂಬ ಮಾತು ಕೆತ್ತಿದೆ. ವೈಷ್ಣವರು ತಮ್ಮ ಶ್ಲೋಕವನ್ನು ಅಳಿಸಿಕೊಳ್ಳಲಿಲ್ಲ, ಜೈನರು ತಮ್ಮ ಕಲಶವನ್ನು ಬಿಟ್ಟುಕೊಡಲಿಲ್ಲ. ‘ಭೇದವಿಲ್ಲ’ ಎಂದು ರಾಜ ಹೇಳಿದ್ದು ಇಬ್ಬರ ತತ್ತ್ವವೂ ಒಂದೇ ಎಂಬ ಅರ್ಥದಲ್ಲಿ ಇರಲಾರದು. ಆ ಸಭೆಯಲ್ಲಿದ್ದ ಒಬ್ಬ ಆಚಾರ್ಯನೂ ಅದನ್ನು ನಂಬುತ್ತಿರಲಿಲ್ಲ. ಹಕ್ಕಿನಲ್ಲಿ, ರಕ್ಷಣೆಯಲ್ಲಿ ಭೇದ ಮಾಡಬೇಡಿ ಎಂದು ಹೇಳಿದ. ಇಷ್ಟನ್ನು ಒಪ್ಪಲು ಯಾರೂ ತಮ್ಮ ನಂಬಿಕೆಯನ್ನು ತೆಳ್ಳಗೆ ಮಾಡಿಕೊಳ್ಳಬೇಕಾಗಿರಲಿಲ್ಲ.

ಈ ಒಪ್ಪಂದವನ್ನು ಇಂದಿನ ಸಮಾನತೆ ಎಂದು ತಪ್ಪು ತಿಳಿಯಬಾರದು. ಕಾಯುವವರು ಒಬ್ಬರು, ಕಾಯಿಸಿಕೊಳ್ಳುವವರು ಇನ್ನೊಬ್ಬರು, ಖರ್ಚೂ ಕಾಯಿಸಿಕೊಳ್ಳುವವರದೇ. ಇಂದು ಅವರವರ ನಂಬಿಕೆಯಂತೆ ನಡೆಯುವುದು ಸಂವಿಧಾನದ 25ನೆಯ ವಿಧಿ ಕೊಟ್ಟ ಹಕ್ಕು. ಅದಕ್ಕೆ ನೆರೆಯವನ ದಯೆ ಬೇಕಿಲ್ಲ. ಆದರೆ ಕಾನೂನು ಹಾನಿಯನ್ನು ತಡೆಯಬಲ್ಲದೇ ಹೊರತು, ಇನ್ನೊಬ್ಬನ ಹಾನಿಯನ್ನು ನನ್ನದೆಂದು ತಿಳಿಯುವಂತೆ ಮಾಡಲಾರದು. ಅಧ್ಯಾತ್ಮಕ್ಕೆ ಕೆಲಸ ಉಳಿಯುವುದು ಆ ಜಾಗದಲ್ಲಿ.

ಈಗ ನಿಮ್ಮ ಮನೆಗೆ ಬರೋಣ. ಸೊಸೆಯ ಪೂಜೆ, ಉಪವಾಸಗಳು ನಿಮ್ಮವಕ್ಕಿಂತ ಬೇರೆ. ‘ಯಾವ ದೇವರಾದರೇನಮ್ಮ, ನಮ್ಮ ದೇವರಿಗೇ ಕೈಮುಗಿದರಾಯಿತು’ ಎಂದು ಹಿರಿಯರು ಹೇಳುವುದುಂಟು. ಕೇಳಲು ಉದಾರವಾಗಿರುವ ಈ ಮಾತು, ಬದಲಾಗಬೇಕಾದವಳು ಅವಳೇ ಎಂದು ತೀರ್ಮಾನಿಸಿಬಿಟ್ಟಿರುತ್ತದೆ. ದೇವರೊಬ್ಬನೇ ಎಂಬುದು ನಿಜವಾದರೆ ಅವಳ ದೇವರಿಗೆ ನೀವು ಕೈಮುಗಿದರೂ ಆಗಬೇಕಲ್ಲ! ಅದು ನಿಮ್ಮಿಂದಾಗದಿದ್ದರೆ ಬೇಡ, ಯಾರೂ ಬಲವಂತ ಮಾಡುತ್ತಿಲ್ಲ. ದೇವರ ಕೋಣೆಯಲ್ಲಿ ಅವಳಿಗೊಂದು ಜಾಗ ಬಿಡಿ. ಅವಳ ವ್ರತದ ದಿನ ಅವಳಿಗೆ ಬೇಕಾದ ಹೂವು ಹಣ್ಣನ್ನು ನೀವೇ ಸಂತೆಯಿಂದ ತನ್ನಿ. ಉಪವಾಸದ ದಿನ ಒಲೆಯ ಕೆಲಸ ಅವಳ ಮೇಲೆ ಬೀಳದಂತೆ ನೋಡಿ. ಅವಳ ಹಬ್ಬದ ಅಡುಗೆಯನ್ನು ‘ನಮ್ಮ ಕಡೆ ಹೀಗೆ ಮಾಡುವುದಿಲ್ಲ’ ಎಂಬ ಮುನ್ನುಡಿ ಇಲ್ಲದೆ ಉಣ್ಣಿ. ಇಷ್ಟು ಮಾಡಲು ನೀವು ನಂಬಿದ್ದರಲ್ಲಿ ಒಂದಕ್ಷರವನ್ನೂ ಬಿಡಬೇಕಾಗಿಲ್ಲ.

ಮಗನ ವಿಷಯ. ಗುಡಿಗೆ ಹೋಗದವನು ಅಧ್ಯಾತ್ಮಕ್ಕೆ ಹೊರಗು ಎಂದು ತೀರ್ಮಾನಿಸುವ ಮೊದಲು ನಮ್ಮ ದರ್ಶನಗಳನ್ನೇ ಒಮ್ಮೆ ನೆನೆಯಿರಿ. ಆರು ಆಸ್ತಿಕ ದರ್ಶನಗಳಲ್ಲಿ ಒಂದಾದ ಸಾಂಖ್ಯಕ್ಕೆ ಅದರ ಮೂಲ ಗ್ರಂಥವಾದ ಸಾಂಖ್ಯಕಾರಿಕೆಯಲ್ಲಿ ಈಶ್ವರನ ಅಗತ್ಯವೇ ಬಿದ್ದಿಲ್ಲ. ಯಜ್ಞಯಾಗಗಳನ್ನು ಎತ್ತಿಹಿಡಿದ ಮೀಮಾಂಸಕರೂ ಸೃಷ್ಟಿಕರ್ತನನ್ನು ಒಪ್ಪಲಿಲ್ಲ. ಜೈನರಿಗೂ ಬೌದ್ಧರಿಗೂ ಲೋಕವನ್ನು ಮಾಡಿದ ದೇವರಿಲ್ಲ. ಇವರೆಲ್ಲರಿಗೆ ಜಾಗ ಇದ್ದ ಪರಂಪರೆಯಲ್ಲಿ ನಿಮ್ಮ ಮಗನಿಗೆ ಜಾಗ ಇಲ್ಲವೇ? ಅವನು ಯಾವುದನ್ನು ನಂಬುವುದಿಲ್ಲ ಎಂಬುದನ್ನು ಬಿಟ್ಟು, ಯಾವುದಕ್ಕೆ ತಲೆಬಾಗುತ್ತಾನೆ ಎಂದು ಕೇಳಿ ನೋಡಿ. ಮಾತು ಅಲ್ಲಿಂದ ಬೆಳೆದೀತು. ಒಪ್ಪಿಗೆಯಾಗದಿದ್ದರೆ ವಾದ ಮಾಡಿ. ಶರಣರು ಮಾಡಿದ ಹಾಗೆ, ಎದುರುಬದುರು ಕೂತು.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ವ್ಯತ್ಯಾಸವನ್ನು ಒಪ್ಪಬೇಕು ಎಂಬ ಮಾತಿನ ಮರೆಯಲ್ಲಿ ಅನ್ಯಾಯವನ್ನೂ ಒಪ್ಪಿಸುವವರಿದ್ದಾರೆ. ‘ಅವರ ಪದ್ಧತಿ ಹಾಗೆ’ ಎಂದು ಹೆಂಡತಿಯ ಮೇಲೆ ಕೈಮಾಡುವುದನ್ನು ಸಹಿಸುವುದು, ‘ನಮ್ಮ ಸಂಪ್ರದಾಯ ಹೀಗೆ’ ಎಂದು ಒಬ್ಬನನ್ನು ಹೊಸ್ತಿಲಾಚೆ ನಿಲ್ಲಿಸುವುದು ಈ ಲೆಕ್ಕಕ್ಕೆ ಸೇರುವುದಿಲ್ಲ. 1368ರ ಆ ಬಿನ್ನಹ ಶುರುವಾದದ್ದೇ ಅನ್ಯಾಯದ ದೂರಿನಿಂದ. ರಾಜ ಬರೀ ಕೈಗೆ ಕೈ ಕೊಡಿಸಿ ಸುಮ್ಮನಾಗಲಿಲ್ಲ, ಅದರ ಜೊತೆಗೇ ಜೈನರ ಹಕ್ಕನ್ನೂ ಗೊತ್ತುಮಾಡಿದ. ಆ ಎರಡನೆಯದು ಬಿಟ್ಟುಹೋದರೆ, ನೋವುಂಡವನನ್ನು ಸುಮ್ಮನಿರಿಸುವ ಉಪಾಯವಾಗಿ ಬಿಡುತ್ತದೆ ಸಾಮರಸ್ಯ.

ಇಷ್ಟೆಲ್ಲ ಒಂದು ಸಲ ಮಾಡಿದರೆ ಮುಗಿಯಿತೇ ಎಂದು ನೀವು ಕೇಳಬಹುದು. ಮುಗಿಯುವುದಿಲ್ಲ. ಅದೇ ಶಾಸನದ ಕೊನೆಯಲ್ಲಿ ಇನ್ನೊಂದು ಸಂಗತಿ ಸೇರಿದೆ. ಕಲ್ಲೆಹದ ಹರ್ವಿ ಸೆಟ್ಟಿಯ ಮಗ ಬುಸುವಿ ಸೆಟ್ಟಿ ಎಂಬವನು ಬುಕ್ಕರಾಯನಿಗೆ ಬಿನ್ನಹ ಮಾಡಿ, ತಿರುಮಲೆಯಿಂದ ತಾತಯ್ಯನನ್ನು ಕರೆಸಿ, ಜೀರ್ಣೋದ್ಧಾರ ಮಾಡಿಸಿದ. ರಾಜನ ಆಜ್ಞೆ ಇದ್ದರೂ, ಸೂರ್ಯಚಂದ್ರರ ಸಾಕ್ಷಿ ಇದ್ದರೂ, ಮತ್ತೆ ಓಡಾಡುವವನೊಬ್ಬ ಬೇಕಾಯಿತು. ಆ ಓಡಾಟಕ್ಕಾಗಿ ಎರಡೂ ಮತದವರು ಕೂಡಿ ಅವನಿಗೆ ‘ಸಂಘನಾಯಕ’ ಪಟ್ಟ ಕಟ್ಟಿದರು. ತತ್ತ್ವದಲ್ಲಿ ಅವರು ಆಗಲೂ ಒಂದಾಗಿರಲಿಲ್ಲ, ಆಮೇಲೂ ಆಗಲಿಲ್ಲ. ಒಬ್ಬ ಮನುಷ್ಯನನ್ನು ಗೌರವಿಸಲು ಒಟ್ಟಿಗೆ ನಿಲ್ಲುವುದು ಮಾತ್ರ ಅವರಿಗೆ ಸಾಧ್ಯವಾಗಿತ್ತು. ಒಂದು ಮನೆ ನಡೆಯುವುದಕ್ಕೂ ಇಷ್ಟು ಸಾಕು. ಆದರೆ ಅದಕ್ಕಾಗಿ ಓಡಾಡುವವರು ಪ್ರತಿ ತಲೆಮಾರಿನಲ್ಲೂ ಯಾರಾದರೂ ಇರಬೇಕು. ನಿಮ್ಮ ಮನೆಯಲ್ಲಿ ಸದ್ಯಕ್ಕೆ ಅದು ನೀವೇ ಆಗಿ.